ಪವರ್‌ಬಾಲೋ, ಮೆಗಾ ಮಿಲಿಯನ್ಸೋ?

ಪ್ರಶ್ನೆ: ಅಮೆರಿಕದ ಎರಡು ದೊಡ್ಡ ಲಾಟರಿಗಳಲ್ಲಿ ಗೆಲ್ಲುವ ಅವಕಾಶ ಯಾವುದರಲ್ಲಿ ಹೆಚ್ಚು?

ಉತ್ತರ: ಟಿಕೆಟ್‌ಗೆ ಟಿಕೆಟ್ ಹೋಲಿಸಿದರೆ ಮೆಗಾ ಮಿಲಿಯನ್ಸ್ ಕೂದಲೆಳೆಯಷ್ಟು ಮುಂದು. ಪವರ್‌ಬಾಲ್‌ನಲ್ಲಿ 69 ಸಂಖ್ಯೆಗಳಿಂದ ಐದು, ಬೇರೆ 26ರಿಂದ ಒಂದು ಆರಿಸಬೇಕು. ಐದರ ಗುಂಪುಗಳು 1,12,38,513. ಅದನ್ನು 26ರಿಂದ ಗುಣಿಸಿದರೆ 29,22,01,338. ಇಷ್ಟು ಸಾಧ್ಯತೆಗಳಲ್ಲಿ ಜಾಕ್‌ಪಾಟ್ ಒಂದಕ್ಕೆ ಮಾತ್ರ. ಒಂಬತ್ತು ವರ್ಷಗಳಿಗೂ ಮಿಕ್ಕ ಕಾಲದಲ್ಲಿ ಯಾರೋ ಗುಟ್ಟಾಗಿ ಗುರುತಿಟ್ಟ ಒಂದೇ ಒಂದು ಸೆಕೆಂಡನ್ನು ಊಹಿಸಿದಂತೆ! ಮೆಗಾ ಮಿಲಿಯನ್ಸ್‌ನಲ್ಲಿ 70ರಿಂದ ಐದು, 24ರಿಂದ ಒಂದು, ಒಟ್ಟು 29,04,72,336. 2025ರ ಏಪ್ರಿಲ್‌ಗೆ ಮೊದಲು ಇದು 30 ಕೋಟಿ ದಾಟಿತ್ತು.

ಆದರೆ ಟಿಕೆಟ್ ಬೆಲೆ ನೋಡದೆ ತೀರ್ಮಾನಿಸುವುದು ತಪ್ಪು. ಅದೇ ಏಪ್ರಿಲ್‌ನಲ್ಲಿ ಮೆಗಾ ಮಿಲಿಯನ್ಸ್ ಟಿಕೆಟ್ 5 ಡಾಲರ್ ಆಯಿತು; ಪವರ್‌ಬಾಲ್‌ನದು 2 ಡಾಲರ್. ಹತ್ತು ಡಾಲರ್‌ಗೆ ಅಲ್ಲಿ ಎರಡು ಟಿಕೆಟ್, ಇಲ್ಲಿ ಐದು. ಅಂದರೆ ಖರ್ಚಿನ ಲೆಕ್ಕದಲ್ಲಿ ಪವರ್‌ಬಾಲ್ ಅವಕಾಶವೇ ಸುಮಾರು ಎರಡೂವರೆ ಪಟ್ಟು.

ಬ್ರಿಟನ್ನಿನ ಲೋಟೊದಲ್ಲಿ 59ರಿಂದ ಆರು ಸಂಖ್ಯೆ: 4.5 ಕೋಟಿಗೆ ಒಂದು. ಬಹುಮಾನವೂ ಚಿಕ್ಕದು.

ಹುಟ್ಟಿದ ದಿನಾಂಕಗಳನ್ನೇ ಆರಿಸುವವರು ಬಹಳ. ಅದರಿಂದ ಗೆಲ್ಲುವ ಸಾಧ್ಯತೆ ಕುಗ್ಗದು, ಆದರೆ ಗೆದ್ದರೆ ಹಣ ಹಂಚಿಕೊಳ್ಳಬೇಕಾಗುವ ಸಂಭವ ಹೆಚ್ಚುತ್ತದೆ. ಯಾವ ಆಟವಾದರೂ ಸಾಲ ಮಾಡಿ ಟಿಕೆಟ್ ಕೊಳ್ಳಬೇಡಿ. ಕರ್ನಾಟಕದಲ್ಲಂತೂ 2007ರಿಂದ ಲಾಟರಿ ಮಾರಾಟಕ್ಕೆ ನಿಷೇಧವಿದೆ.