‘ಎಲ್ಲಾ ಅಂದ್ರ ಚಾನೂ ಬಂತೇನು?’

ದಾಂಡೇಲಿಯ ರೆಸಾರ್ಟ್ ಒಂದರ ಪ್ಯಾಕೇಜನ್ನು ಮೊಬೈಲಿನಲ್ಲಿ ತೋರಿಸಿ, ‘ಅವ್ವಾ, ರೂಮು, ಊಟ, ನಾಷ್ಟಾ, ಬೋಟಿಂಗು ಎಲ್ಲಾ ಇದರಾಗ ಬರತೈತಿ ನೋಡು’ ಎಂದು ನಾನು ದೊಡ್ಡದಾಗಿ ಹೇಳಿದಾಗ ಅವ್ವ ಕೇಳಿದ ಪ್ರಶ್ನೆ ಅದು. ನನಗೆ ನಗು ಬಂತು. ಆಮೇಲೆ ಯಾಕೋ ಅನುಮಾನವಾಗಿ ರೆಸಾರ್ಟಿಗೆ ಫೋನ್ ಹಚ್ಚಿದೆ. ಬೆಳಿಗ್ಗೆ ಒಂದು, ಸಂಜೆ ಒಂದು ಚಹಾ ಸೇರಿದೆಯಂತೆ. ನಡುವೆ ಬೇಕಾದರೆ ಕಪ್ಪಿಗೆ 40 ರೂಪಾಯಿ. ನಮ್ಮಪ್ಪ ದಿನಕ್ಕೆ ಆರು ಸಲ ಚಹಾ ಕುಡಿಯುವ ಮನುಷ್ಯ!

ನಮ್ಮದು ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಚೀಲ ಹೊತ್ತು ಹೊತ್ತು ಮೊಣಕಾಲು ಸವೆದಿವೆ. ಅವ್ವ ಊರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಹುಬ್ಬಳ್ಳಿಯಲ್ಲಿ ಬಿಇ ಐದನೇ ಸೆಮಿಸ್ಟರ್. ಕಳೆದ ರಜೆಯಲ್ಲಿ ಸಣ್ಣ ಕಂಪನಿಯೊಂದರಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದಕ್ಕೆ 24 ಸಾವಿರ ರೂಪಾಯಿ ಸ್ಟೈಪೆಂಡ್ ಬಂತು. ಬ್ಯಾಂಕ್ ಖಾತೆಯಲ್ಲಿ ಆ ಅಂಕಿ ಕಂಡ ದಿನವೇ ತೀರ್ಮಾನಿಸಿದ್ದೆ: ಈ ವರ್ಷ ಅವರ ಮದುವೆಗೆ 25 ತುಂಬುತ್ತದೆ, ಇಬ್ಬರನ್ನೂ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು.

ಅವರು ಎಲ್ಲಿಗೂ ಹೋಗಿಯೇ ಇಲ್ಲ ಎಂದಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದಾರೆ, ಮೈಲಾರಕ್ಕೆ ಹೋಗಿದ್ದಾರೆ. ಆದರೆ ಅಲ್ಲಿಯೂ ಮೂರು ಕಲ್ಲು ಹೂಡಿ, ಕಟ್ಟಿಗೆ ಊದಿ, ಹೋದವರಿಗೆಲ್ಲ ಬಡಿಸಿದವಳು ಅವ್ವನೇ. ಹಾಗಾಗಿ ನನ್ನ ಷರತ್ತು ಒಂದೇ ಆಗಿತ್ತು. ಎರಡು ದಿನ ಅವ್ವ ಸೌಟು ಮುಟ್ಟಬಾರದು, ಬೇರೆಯವರು ಮಾಡಿ ಬಡಿಸಿದ್ದನ್ನು ಕೂತು ಉಣ್ಣಬೇಕು. ಲಾಡ್ಜು, ಹೋಟೆಲು ಎಂದರೆ ಮೆನು ಕಾರ್ಡಿನ ಬಲಗಡೆಯ ರೇಟು ನೋಡಿ ‘ನನಗ ಹಸಿವಿಲ್ಲ, ನೀವು ಉಣ್ರಿ’ ಎನ್ನುವ ಜೀವ ಅದು. ಮೊದಲೇ ದುಡ್ಡು ಕಟ್ಟಿಬಿಟ್ಟರೆ ಆ ಮಾತಿಗೆ ಜಾಗವಿಲ್ಲ. ಅದಕ್ಕೇ ‘ಆಲ್ ಇನ್‌ಕ್ಲೂಸಿವ್’ ಹುಡುಕಲು ಕೂತಿದ್ದು.

ಈ ಪದ ನನ್ನನ್ನು ಒಮ್ಮೆ ಸರಿಯಾಗಿ ಸುಟ್ಟಿದೆ. ಎರಡನೇ ವರ್ಷದಲ್ಲಿದ್ದಾಗ ಕ್ಲಾಸಿನ 22 ಜನ ಸಕಲೇಶಪುರದ ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದೆವು. ತಲೆಗೆ 1,600, ಎಲ್ಲಾ ಸೇರಿ. ಹಣ ಕೂಡಿಸಿದವಳು, ಬುಕ್ ಮಾಡಿದವಳು ನಾನು. ಹೊರಡುವ ಹೊತ್ತಿಗೆ ಕೌಂಟರಿನಲ್ಲಿ ಇನ್ನೊಂದು ಬಿಲ್ ಬಂತು. ಕ್ಯಾಂಪ್‌ಫೈರ್ ಸೇರಿತ್ತು, ಎರಡನೇ ಸಲ ಹಾಕಿಸಿದ ಕಟ್ಟಿಗೆ ಸೇರಿರಲಿಲ್ಲ. ವ್ಯೂ ಪಾಯಿಂಟ್ ಸೇರಿತ್ತು, ಅಲ್ಲಿಗೆ ಹೋಗುವ ಜೀಪು ಸೇರಿರಲಿಲ್ಲ. ಒಟ್ಟು 9,460 ರೂಪಾಯಿ, ತಲೆಗೆ 430. ಕಡ ತಂದು ಟ್ರಿಪ್ಪಿಗೆ ಬಂದಿದ್ದ ನನ್ನ ಬೆಂಚಿನ ಗೆಳತಿ ಬಸ್ಸಿನಲ್ಲಿ ನನ್ನ ಪಕ್ಕದಿಂದ ಎದ್ದು ಹಿಂದಿನ ಸೀಟಿಗೆ ಹೋದಳು. ಈಗಲೂ ನಮ್ಮಿಬ್ಬರ ಮಾತು ಲ್ಯಾಬ್ ರೆಕಾರ್ಡಿಗಷ್ಟೇ ಸೀಮಿತ. ಅವಳದ್ದೇನೂ ತಪ್ಪಿಲ್ಲ. ‘ಏನೇನು ಸೇರಿಲ್ಲ’ ಎಂದು ನಾನು ಕೇಳಬೇಕಿತ್ತು, ಕೇಳಿರಲಿಲ್ಲ.

ಈ ಸಲ ಹುಡುಕುತ್ತ ಹೋದಾಗ ಈ ‘ಎಲ್ಲಾ ಸೇರಿ’ ವ್ಯಾಪಾರದ ಹಳೆಯ ಕಥೆಯೂ ಸಿಕ್ಕಿತು. ಇದನ್ನು ಜನಪ್ರಿಯಗೊಳಿಸಿದ್ದು ಕ್ಲಬ್ ಮೆಡ್ ಎಂಬ ಸಂಸ್ಥೆ. 1950ರಲ್ಲಿ ಬೆಲ್ಜಿಯಂನ ಗೆರಾರ್ ಬ್ಲಿಟ್ಸ್ ಎಂಬಾತ ಸ್ಪೇನ್‌ನ ಮಯೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ ಇದನ್ನು ಶುರು ಮಾಡಿದ. ಒಮ್ಮೆ ದುಡ್ಡು ಕಟ್ಟಿದರೆ ಇರುವುದು, ಉಣ್ಣುವುದು, ಆಡುವುದು ಎಲ್ಲ ಅದರಲ್ಲೇ. ಜೇಬಿಗೆ ಕೈ ಹಾಕುವ ಗೋಜು ಬೇಡವೆಂದು ಮುಂದೆ ಬಾರ್‌ನಲ್ಲಿ ಹಣದ ಬದಲು ಬಣ್ಣದ ಮಣಿಗಳನ್ನು ಕೊಡುವ ಪದ್ಧತಿ ಬಂತು. ಗಮನಿಸಿ, ಅಲ್ಲಿ ಕುಡಿಯುವುದು ಪ್ಯಾಕೇಜಿನಲ್ಲಿ ಸೇರಿರಲಿಲ್ಲ! ‘ಎಲ್ಲಾ’ ಎಂಬ ಮಾತಿಗೆ ಹುಟ್ಟಿದ ಮನೆಯಲ್ಲೇ ಒಂದು ತೂತು ಇತ್ತು. ಅವ್ವನ ಪ್ರಶ್ನೆಗೆ ನಾನು ನಗಬಾರದಿತ್ತು.

ನಮ್ಮ ಕಡೆಯ ರೆಸಾರ್ಟುಗಳಿಗೆ ಫೋನ್ ಮಾಡಿದರೆ ಅವರು ಅಕ್ಷರಗಳಲ್ಲಿ ಮಾತಾಡುತ್ತಾರೆ. ‘ಇಪಿ’ ಎಂದರೆ ಬರೀ ರೂಮು. ‘ಸಿಪಿ’ ಎಂದರೆ ಜೊತೆಗೆ ಬೆಳಗಿನ ತಿಂಡಿ. ‘ಎಂಎಪಿ’ ಎಂದರೆ ತಿಂಡಿ ಮತ್ತು ಒಂದು ಹೊತ್ತಿನ ಊಟ. ‘ಎಪಿ’ ಎಂದರೆ ಮೂರೂ ಹೊತ್ತು. ಇವ್ಯಾವುದರಲ್ಲೂ ರಾಫ್ಟಿಂಗ್, ಸಫಾರಿ ತಾನಾಗಿ ಬರುವುದಿಲ್ಲ. ದಾಂಡೇಲಿಯಲ್ಲಿ ನಾನು ವಿಚಾರಿಸಿದವರಲ್ಲಿ ಹೆಚ್ಚಿನವರು ರೂಮಿಗಲ್ಲ, ತಲೆಗೆ ಇಷ್ಟು ಎಂದು ಹೇಳಿದರು. ಅವರ ‘ಒಂದು ದಿನ’ ಮಧ್ಯಾಹ್ನ 12ಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ 10ಕ್ಕೆ ಮುಗಿಯುತ್ತದೆ, ಅಂದರೆ 22 ಗಂಟೆ. ಜಿಎಸ್‌ಟಿ ಸೇರಿದೆಯೇ ಎಂದು ಕೇಳಿದರೆ ಕೆಲವರು ಒಂದು ಕ್ಷಣ ಸುಮ್ಮನಾಗುತ್ತಾರೆ. ದಿನಕ್ಕೆ 7,500 ರೂಪಾಯಿ ದಾಟಿದ ರೂಮಾದರೆ ಅದು 18%, ಸಣ್ಣ ಮೊತ್ತವೇನಲ್ಲ.

ರಾಫ್ಟಿಂಗ್ ವಿಷಯವಂತೂ ಇನ್ನೂ ಮಜವಾಗಿದೆ. ಕಾಳಿ ನದಿಯಲ್ಲಿ ರಾಫ್ಟಿಂಗ್‌ಗೆ ಬೇಕಾದ ನೀರು ಗಣೇಶಗುಡಿಯ ಸೂಪಾ ಅಣೆಕಟ್ಟೆಯಿಂದ ಬಿಟ್ಟರೆ ಮಾತ್ರ ಬರುತ್ತದೆ, ಬಿಡುವುದು ವಿದ್ಯುತ್ ಉತ್ಪಾದನೆಯ ಲೆಕ್ಕದಲ್ಲಿ. ನೀರು ಬಿಡದ ದಿನ ನಿಮ್ಮ ಪ್ಯಾಕೇಜಿನ ರಾಫ್ಟಿಂಗ್ ಏನಾಗುತ್ತದೆ? ಮೂವರನ್ನು ಕೇಳಿದೆ. ಒಬ್ಬರು ‘ಬೋಟಿಂಗ್ ಕೊಡ್ತೀವಿ’ ಎಂದರು, ಇನ್ನೊಬ್ಬರು ‘ಹಾಗಾಗೋದೇ ಇಲ್ಲ ಮೇಡಂ’ ಎಂದರು, ಮೂರನೆಯವರು ಮಾತ್ರ ‘ಅಷ್ಟು ದುಡ್ಡು ಬಿಲ್ಲಿನಲ್ಲಿ ಕಡಿಮೆ ಮಾಡ್ತೀವಿ’ ಎಂದರು. ಆ ಮೂರನೆಯವರ ಹೆಸರಿನ ಮುಂದೆ ಟಿಕ್ ಹಾಕಿಕೊಂಡೆ.

ಅಷ್ಟಕ್ಕೂ ನಮ್ಮಪ್ಪ ಅವ್ವ ರಾಫ್ಟಿಂಗ್ ಮಾಡುವವರೇ? ಇಲ್ಲಿ ನನ್ನ ಇಂಜಿನಿಯರಿಂಗ್ ಬುದ್ಧಿ ಕೆಲಸ ಮಾಡಿತು. ಎಲ್ಲಾ ಸೇರಿದ ದರ ಎಂದರೆ ಒಂದು ಸರಾಸರಿ. ರಾತ್ರಿ ಎರಡರವರೆಗೆ ಕುಣಿದು, ಮೂರು ಸಲ ಜಿಪ್‌ಲೈನ್ ಹೋಗಿ, ನಾಲ್ಕು ತಟ್ಟೆ ಉಣ್ಣುವ ಹುಡುಗರಿಗೂ, ಎರಡು ರೊಟ್ಟಿ ಉಂಡು ಒಂಬತ್ತಕ್ಕೆ ಮಲಗುವ ನಮ್ಮವ್ವನಿಗೂ ಒಂದೇ ಬೆಲೆ. ಕಡಿಮೆ ಬಳಸುವವರ ದುಡ್ಡು ಹೆಚ್ಚು ಬಳಸುವವರ ಖರ್ಚಿಗೆ ಹೋಗುತ್ತದೆ. ಗೆಳೆಯರೊಂದಿಗೆ ಹೋಗುವಾಗ ಈ ಸರಾಸರಿ ನಮ್ಮ ಪರ, ಅಪ್ಪ ಅಮ್ಮನೊಂದಿಗೆ ಹೋಗುವಾಗ ನಮ್ಮ ವಿರುದ್ಧ. ‘ಆಕ್ಟಿವಿಟಿ ಬೇಡ, ಊಟ ರೂಮು ಮಾತ್ರ ಸಾಕು, ಎಷ್ಟು ಕಡಿಮೆ ಮಾಡ್ತೀರಿ?’ ಎಂದು ಬಾಯಿಬಿಟ್ಟು ಕೇಳಿದೆ. 2,300 ಇದ್ದದ್ದು 2,000ಕ್ಕೆ ಇಳಿಯಿತು. ಕೇಳುವ ಮುನ್ನ ನನಗೇ ನಾಚಿಕೆಯಾಗಿತ್ತು.

ಎಕ್ಸೆಲ್ ಶೀಟಿನಲ್ಲಿ ಹನ್ನೊಂದು ಹೆಸರು ಇದ್ದವು. ಒಂದೊಂದೇ ಉದುರಿದವು. ಒಂದು ರೆಸಾರ್ಟಿನ ಕಾಟೇಜುಗಳು ಗುಡ್ಡದ ಇಳಿಜಾರಿನಲ್ಲಿ, ಊಟದ ಹಾಲಿಗೆ 60 ಮೆಟ್ಟಿಲು. ಅಪ್ಪನ ಮೊಣಕಾಲಿಗೆ ಆಗದು. ಒಂದರಲ್ಲಿ ರಾತ್ರಿಯೂಟ ಕ್ಯಾಂಪ್‌ಫೈರ್ ಮುಗಿದ ಮೇಲೆ, ಒಂಬತ್ತೂವರೆಗೆ. ಸಕ್ಕರೆ ಕಾಯಿಲೆಯ ಗುಳಿಗೆ ತಗೊಳ್ಳುವ ಅವ್ವ ಎಂಟಕ್ಕೆ ಉಣ್ಣಲೇಬೇಕು. ಎರಡರಲ್ಲಿ ಡಿಜೆ. ಸರ್ಕಾರದ ಜಂಗಲ್ ಲಾಡ್ಜಸ್ ನೋಡೋಣ ಎಂದು ಅಪ್ಪ ಹೇಳಿದರು. 1980ರಿಂದ ನಡೆಯುತ್ತಿರುವ ಸಂಸ್ಥೆ, ಪ್ಯಾಕೇಜಿನಲ್ಲಿ ಏನಿದೆ ಎಂದು ಬರೆದೇ ಇರುತ್ತದೆ, ನನಗೂ ಮನಸ್ಸಿತ್ತು. ಆದರೆ ಮೂವರಿಗೆ ಎರಡು ರಾತ್ರಿ ಎಂದು ಲೆಕ್ಕ ಹಾಕಿದಾಗ ನನ್ನ ಸ್ಟೈಪೆಂಡ್ ಬೆವರಿತು. ಇನ್ನು ಫೋಟೊಗಳ ವಿಷಯದಲ್ಲಿ ಒಂದು ಮಾತು: ರೆಸಾರ್ಟಿನವರು ಹಾಕಿದ ಈಜುಕೊಳ ನೋಡಬೇಡಿ. ಮ್ಯಾಪಿನಲ್ಲಿ ಬಂದುಹೋದವರು ಹಾಕಿದ ಇತ್ತೀಚಿನ ಫೋಟೊ ನೋಡಿ, ಅದರಲ್ಲೂ ಬಾತ್‌ರೂಮಿನದು.

ಒಂದು ಕಡೆ ಸ್ವಲ್ಪದರಲ್ಲಿ ಬಚಾವಾದೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದರೆ ಬಹಳ ಮರ್ಯಾದೆಯ ದನಿ. ಈಗಲೇ ಪೂರ್ತಿ ಹಣ ಹಾಕಿದರೆ 30% ರಿಯಾಯಿತಿ, ರೂಮನ್ನು 20 ನಿಮಿಷ ಮಾತ್ರ ಹಿಡಿದಿಡುತ್ತೇವೆ ಎಂದಿತು. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಮೊತ್ತ ಒತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಪ್ಪ, ‘ಹೆಸರು ಯಾರದು ಬಂತು?’ ಎಂದರು. ಮಾರುಕಟ್ಟೆಯಲ್ಲಿ ಚೀಲದ ಮೇಲಿನ ಹೆಸರು ನೋಡದೆ ಹೆಗಲಿಗೆ ಏರಿಸದ ಮನುಷ್ಯ. ನೋಡಿದರೆ ರೆಸಾರ್ಟಿನ ಹೆಸರಲ್ಲ, ಯಾವನೋ ಒಬ್ಬನ ಹೆಸರು. ಅತಿಥಿಯೊಬ್ಬರು ಹಾಕಿದ ಫೋಟೊದಲ್ಲಿ ರೆಸಾರ್ಟಿನ ಗೇಟಿನ ಬೋರ್ಡು ಇತ್ತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅಂಥ ರಿಯಾಯಿತಿಯೇ ಇಲ್ಲ ಎಂದರು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದು ನನಗೆ ಗೊತ್ತಿತ್ತು. ಆದರೆ ಹೆಸರು ನೋಡಬೇಕು ಎಂಬುದು ನನಗಲ್ಲ, ಅಪ್ಪನಿಗೆ ಗೊತ್ತಿತ್ತು.

ಕೊನೆಗೆ ಎರಡು ಉಳಿದವು. ಒಂದು, ಜೋಯಿಡಾ ಕಡೆಯ ಹೋಂಸ್ಟೇ. ಅಡಿಕೆ ತೋಟದ ನಡುವೆ ಮನೆ, ಅಮ್ಮನಂಥ ಯಜಮಾನಿ, ಕೇಳಿದಷ್ಟು ಸಲ ಚಹಾ, ದರವೂ ಕಡಿಮೆ. ಇನ್ನೊಂದು, ನಾನು ಟಿಕ್ ಹಾಕಿದ್ದ ದಾಂಡೇಲಿಯ ಸಾಧಾರಣ ರೆಸಾರ್ಟು. ನೆಲಮಟ್ಟದ ರೂಮು, ಎಂಟಕ್ಕೆ ಊಟ, ಹೇಳಿದರೆ ಜೋಳದ ರೊಟ್ಟಿ ಮಾಡಿಸುತ್ತೇವೆ ಎಂದಿದ್ದರು. ಗೆಳತಿಯರೆಲ್ಲ ಹೋಂಸ್ಟೇ ಎಂದರು. ನನಗೂ ಅದೇ ಇಷ್ಟವಾಗಿತ್ತು. ಬುಕ್ ಮಾಡುವ ಮುನ್ನ ಯಜಮಾನಿ ಫೋನಿನಲ್ಲಿ, ‘ನಮ್ಮನೆ ಅಡುಗೆಮನೆಗೆ ಯಾರು ಬೇಕಾದ್ರೂ ಬರಬಹುದು, ನಿಮ್ಮನೆ ಇದ್ದ ಹಾಗೆ’ ಎಂದರು. ಅಲ್ಲಿಗೆ ಮುಗಿಯಿತು. ಅಡುಗೆಮನೆಯ ಬಾಗಿಲು ತೆರೆದಿದ್ದರೆ ನಮ್ಮವ್ವ ಮೊದಲ ಅರ್ಧ ಗಂಟೆಯಲ್ಲೇ ಈಳಿಗೆ ಮಣೆಯ ಮುಂದೆ ಕೂತಿರುತ್ತಾಳೆ. ಎಲ್ಲರಿಗೂ ಒಳ್ಳೆಯದೆನಿಸುವ ಆ ಮನೆ ಅವ್ವನಿಗೆ ಮಾತ್ರ ಸರಿಯಿರಲಿಲ್ಲ. ಅವಳಿಗೆ ಬೇಕಿದ್ದದ್ದು ಅಡುಗೆಮನೆ ಕಣ್ಣಿಗೇ ಬೀಳದ ಜಾಗ. ಸಾಧಾರಣ ರೆಸಾರ್ಟನ್ನೇ ಬುಕ್ ಮಾಡಿದೆ.

ದಸರಾ ರಜೆಯಲ್ಲಿ ಹೋದೆವು. ಶಾಲೆ ಮುಚ್ಚಿದಾಗಲೇ ಅವ್ವನಿಗೆ ಬಿಡುವು. ಮೆಣಸಿನಕಾಯಿ ಸುಗ್ಗಿ ಇನ್ನೂ ಶುರುವಾಗದ್ದರಿಂದ ಅಪ್ಪನಿಗೂ ಕೆಲಸ ಕಡಿಮೆ. ವಾರಾಂತ್ಯದ ದರ ತಪ್ಪಿಸಲು ಸೋಮವಾರ ಹೊರಟೆವು. ಶಕ್ತಿ ಯೋಜನೆ ಇರುವುದರಿಂದ ಬಸ್ ಟಿಕೆಟ್ ಅಪ್ಪನಿಗೆ ಮಾತ್ರ. ಹುಬ್ಬಳ್ಳಿ ದಾಟುವವರೆಗೂ ಅವ್ವ ಕಿಟಕಿ ಬಿಟ್ಟು ಈಚೆ ನೋಡಲಿಲ್ಲ. ಹಳಿಯಾಳ ಬಂದಮೇಲೆ ಕಾಡು ದಟ್ಟವಾಯಿತು. ‘ಇಷ್ಟೊಂದು ಗಿಡ ಇದ್ರ ಇವರಿಗೆ ಕಟ್ಟಿಗಿ ಚಿಂತಿನ ಇಲ್ಲ ನೋಡ್’ ಎಂದಳು.

ರಾತ್ರಿ ಎಂಟಕ್ಕೆ ಬಫೆ. ಅವ್ವ ತಟ್ಟೆ ಹಿಡಿದು ಅನ್ನದ ಪಾತ್ರೆಯ ಮುಂದೆ ನಿಂತು ಬಗ್ಗಿ ನೋಡಿದಳು. ಶಾಲೆಯಲ್ಲಿ 5ನೇ ತರಗತಿವರೆಗಿನ ಮಗುವಿಗೆ 100 ಗ್ರಾಂ, 6ರಿಂದ 8ರವರಿಗೆ 150 ಗ್ರಾಂ ಧಾನ್ಯ, ಅದೇ ಅವಳ ಅಳತೆ. ‘ಎಷ್ಟ್ ಮಂದಿ ಅದಾರ ಇಲ್ಲಿ? ನಲವತ್ತು? ಎಂಟ್ ಕೇಜಿ ಅಕ್ಕಿ ಹಾಕ್ಯಾರ. ಅರ್ಧ ಉಳೀತೈತಿ’ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಕೈ ಹಿಡಿದು ಕರೆತಂದು ಕೂರಿಸಿದೆ. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗ ಬಿಸಿ ರೊಟ್ಟಿ ತಂದು, ‘ಅಮ್ಮಾ, ನಿಮಗಂತ ಮಾಡಿಸಿದ್ದು, ಇನ್ನೊಂದು ಹಾಕ್ಲಾ?’ ಎಂದು ಕೇಳಿದ. ಅವ್ವ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ‘ಹಾಕಪಾ’ ಎಂದಳು. ರೊಟ್ಟಿ ಸ್ವಲ್ಪ ದಪ್ಪವಾಗಿತ್ತು. ಅವಳು ಅದನ್ನು ಹೇಳಿದ್ದು ಊರಿಗೆ ಬಂದಮೇಲೆ.

ಮರುದಿನ ಕಾಳಿ ದಂಡೆಯಲ್ಲಿ ಅಪ್ಪ ನೀರಿಗೆ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರು. ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿಯುತ್ತ ಮೇಲಿಂದ ಹಾದುಹೋದವು. ಚಹಾದ ವಿಷಯ ನಾನು ಮೊದಲೇ ಮಾತಾಡಿ ಮುಗಿಸಿದ್ದೆ, ಎಷ್ಟು ಕುಡಿದರೂ ಪ್ಯಾಕೇಜಿನಲ್ಲೇ. ಅಪ್ಪ ಆ ದಿನ ಎಂಟು ಕಪ್ಪು ಕುಡಿದರು. ಅವ್ವ ಮಧ್ಯಾಹ್ನ ಮಲಗಿದಳು. ಹಗಲಲ್ಲಿ ಅವ್ವ ಮಲಗಿದ್ದನ್ನು ಜ್ವರ ಬಂದಾಗ ಬಿಟ್ಟು ನಾನು ನೋಡಿದ್ದು ಅದೇ ಮೊದಲು.

ಬುಧವಾರ ಬೆಳಿಗ್ಗೆ ಹೊರಡುವಾಗ ಲೆಕ್ಕ ಪಕ್ಕಾ ಇತ್ತು. ಮೂವರು, ಎರಡು ದಿನ, 12,000, ತೆರಿಗೆ ಸೇರಿ. ಕೌಂಟರಿನಲ್ಲಿದ್ದವರು ನಗುತ್ತ ಒಂದು ಚೀಟಿ ಕೊಟ್ಟರು: ರೂಮಿನ ಟೇಬಲ್ಲಿನ ಮೇಲಿದ್ದ ನೀರಿನ ಬಾಟಲಿ ನಾಲ್ಕು, 80 ರೂಪಾಯಿ.

ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ಚೀಟಿ ನೋಡಿದಳು. ‘ಚಾ ಕೇಳಿದಿ, ನೀರ್ ಕೇಳಲಿಲ್ಲೇನ?’ ಎಂದಳು. ಆಮೇಲೆ ಸೆರಗಿನ ತುದಿ ಬಿಚ್ಚಿ, ಅದರಲ್ಲಿ ಗಂಟು ಹಾಕಿಟ್ಟಿದ್ದ ನೂರರ ನೋಟನ್ನು ತೆಗೆದು ಕೌಂಟರಿನ ಮೇಲಿಟ್ಟಳು.