ನೌಕರಿಯ ಹೊಸ್ತಿಲಲ್ಲಿ ವ್ಯಕ್ತಿತ್ವ ಪರೀಕ್ಷೆ: ಖಾನಾಪುರದ ಅಭ್ಯರ್ಥಿಯೂ ಹೊರನಾಡಿನ ಮಾನಕವೂ

ಬೆಳಗಾವಿ ನಗರದಲ್ಲಿ ಪದವಿ ಪಡೆದು, ಇಲ್ಲವೆ ಟರ್ನರ್, ಫಿಟ್ಟರ್ ಮೊದಲಾದ ಕಸುಬುಗಳನ್ನು ಕಲಿತು ನೌಕರಿಯನ್ನರಸುವ ತರುಣರಲ್ಲಿ ಖಾನಾಪುರ ತಾಲೂಕಿನವರು ಅನೇಕರಿದ್ದಾರೆ. ಇವರಲ್ಲಿ ಬಹುಮಂದಿಯ ಮನೆಮಾತು ಮರಾಠಿ. ಶಾಲೆಯ ಮಾತು ಕನ್ನಡ ಇಲ್ಲವೆ ಮರಾಠಿ. ಇಂಗ್ಲಿಷು ಮೂರನೆಯದಾಗಿ ಬಂದುದು. ವಿಷಯಜ್ಞಾನದ ಪರೀಕ್ಷೆಯಲ್ಲಿ ಸೋತವನು ತನ್ನ ಅಭ್ಯಾಸದ ಕೊರತೆಯನ್ನು ತಾನೇ ಹಳಿದುಕೊಂಡು ಮತ್ತೊಮ್ಮೆ ಓದಲು ಕುಳಿತುಕೊಳ್ಳಬಹುದು. ಆದರೆ ಈಗ ಆ ಪರೀಕ್ಷೆಗೆ ಮೊದಲೊ ಆಮೇಲೊ 'ನೀನು ಎಂಥವನು?' ಎಂದು ಕೇಳುವ ಇನ್ನೊಂದು ಪರೀಕ್ಷೆ ಸೇರಿಕೊಂಡಿದೆ. ಇದರಲ್ಲಿ ಸೋತವನಿಗೆ ಏನನ್ನು ತಿದ್ದಿಕೊಳ್ಳಬೇಕೆಂಬುದು ತಿಳಿಯದು. ಅವನ ಬೇಸರಕ್ಕೆ ಶಾಸ್ತ್ರೀಯವಾದ ಆಧಾರವುಂಟೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕೆಲಕಾಲದ ಹಿಂದೆ ಖಾನಾಪುರದ ಕಡೆಯ ವಿದ್ಯಾರ್ಥಿಯೊಬ್ಬನು ಖಾಸಗಿ ಕಾರಖಾನೆಯೊಂದರ ಪ್ರಶ್ನಾವಳಿಗೆ ಉತ್ತರ ಕೊಟ್ಟು ಬಂದು ಈ ಲೇಖಕನನ್ನು ಕಂಡನು. 'ಹಿರಿಯರ ನಿರ್ಣಯ ತಪ್ಪೆನಿಸಿದರೆ ನಾನು ಕೂಡಲೇ ಹಾಗೆಂದು ಹೇಳುತ್ತೇನೆ' ಎಂಬರ್ಥದ ಹೇಳಿಕೆಗೆ ಒಪ್ಪಿಗೆ ಅಥವಾ ನಿರಾಕರಣೆಯ ಗುರುತು ಹಾಕಬೇಕಿತ್ತು. 'ಹಿರಿಯರು' ಎಂದರೆ ಸೋದರಮಾವನೊ, ಕಾರಖಾನೆಯ ಮೇಸ್ತ್ರಿಯೊ ಎಂಬುದೇ ಅವನಿಗೆ ಬಗೆಹರಿಯಲಿಲ್ಲ. ಮೇಸ್ತ್ರಿಗೆ ಹೇಳಬಹುದಾದುದನ್ನು ಮಾವನಿಗೆ ಹೇಳಲಾಗದು. ಹೇಳಿದರೂ ಬೇರೊಂದು ರೀತಿಯಿಂದ ಹೇಳಬೇಕು. ಮುಂದೆ 'ನಾನು ಎಂದೂ ಸುಳ್ಳು ಹೇಳಿಲ್ಲ' ಎಂಬುದು ಬಂದಿತು. 'ಸುಳ್ಳ ಹೇಳಿಲ್ಲಂತ ಬರದ್ರ ಅದೂ ಸುಳ್ಳಂತಾರ್ರಿ. ಹೇಳೇನಂತ ಬರದ್ರ ನೌಕರಿ ಕೊಡೂದಿಲ್ರಿ. ಏನ್ ಬರೀಬೇಕ್ರಿ ಸರ?' ಎಂದು ಅವನು ಕೇಳಿದನು. ಮನಶ್ಶಾಸ್ತ್ರವನ್ನು ಬೋಧಿಸುವವನಿಗೆ ಇದಕ್ಕೆ ಒಡನೆ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಈ ಬಗೆಯ ಪ್ರಶ್ನಾವಳಿಗಳ ಮೂಲವು ಕಾರಖಾನೆಯಲ್ಲಿಲ್ಲ, ಯುದ್ಧದಲ್ಲಿ ಮತ್ತು ಆಸ್ಪತ್ರೆಯಲ್ಲಿದೆ. ೧೯೧೭ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿದಾಗ, ರಣರಂಗದಲ್ಲಿ ಮನಸ್ಸಿನ ಸ್ತಿಮಿತ ಕಳೆದುಕೊಳ್ಳಬಹುದಾದ ಸೈನಿಕರನ್ನು ಮುಂಚಿತವಾಗಿ ಗುರುತಿಸಲು ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞನು ಹೌದು-ಅಲ್ಲ ಎಂದು ಉತ್ತರಿಸುವ ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸತೊಡಗಿದನು. ಅದು ಬಳಕೆಗೆ ಬರುವ ಮೊದಲೇ ಯುದ್ಧ ಮುಗಿಯಿತು. ೧೯೪೩ರಲ್ಲಿ ಹ್ಯಾಥವೇ ಮತ್ತು ಮೆಕಿನ್ಲಿ ಎಂಬವರು ಪ್ರಕಟಿಸಿದ ಮಿನಸೋಟಾ ವ್ಯಕ್ತಿತ್ವ ಪ್ರಶ್ನಾವಳಿಯು ಮಾನಸಿಕ ರೋಗಗಳ ನಿದಾನಕ್ಕಾಗಿ ರಚಿತವಾದುದು. ಅದರಲ್ಲಿ 'ಸಾಮಾನ್ಯ' ಜನರೆಂದು ಪರಿಗಣಿತರಾದವರು ಬಹುಮಟ್ಟಿಗೆ ಆ ವಿಶ್ವವಿದ್ಯಾಲಯದ ಆಸ್ಪತ್ರೆಗೆ ರೋಗಿಗಳನ್ನು ಕಾಣಲು ಬಂದಿದ್ದ ಬಂಧುಮಿತ್ರರು. ಇಂಥ ಸಾಧನವೇ ಮುಂದೆ ನೌಕರರ ಆಯ್ಕೆಗೂ ಬಳಕೆಯಾಯಿತು. ಅಲ್ಲಿಯೂ ಇದಕ್ಕೆ ಪ್ರತಿರೋಧ ಬಾರದೆ ಇರಲಿಲ್ಲ. ೧೯೯೧ರಲ್ಲಿ ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯವು ಅಂಗಡಿಗಳ ಕಾವಲುಗಾರರ ಹುದ್ದೆಗೆ ಧಾರ್ಮಿಕ ನಂಬಿಕೆ ಮತ್ತು ಲೈಂಗಿಕ ಜೀವನವನ್ನು ಕುರಿತು ಕೇಳಿದ ಪ್ರಶ್ನೆಗಳನ್ನು ಆಕ್ಷೇಪಿಸಿತು. ೨೦೦೫ರಲ್ಲಿ ಇನ್ನೊಂದು ನ್ಯಾಯಾಲಯವು ಮಿನಸೋಟಾ ಪ್ರಶ್ನಾವಳಿಯನ್ನು ವೈದ್ಯಕೀಯ ತಪಾಸಣೆಯೆಂದೇ ಎಣಿಸಿತು.

ನಮ್ಮ ವಿದ್ಯಾರ್ಥಿಯನ್ನು ಕಂಗೆಡಿಸಿದ ಸುಳ್ಳಿನ ಪ್ರಶ್ನೆಗೂ ಇಲ್ಲಿ ಒಂದು ಇತಿಹಾಸವಿದೆ. ಮಿನಸೋಟಾ ಪ್ರಶ್ನಾವಳಿಯಲ್ಲಿ ಹದಿನೈದು ಹೇಳಿಕೆಗಳ ಒಂದು 'ಸುಳ್ಳಿನ ಮಾಪಕ'ವುಂಟು. ಮನುಷ್ಯಮಾತ್ರರಲ್ಲಿ ಇದ್ದೇ ಇರುವ ಸಣ್ಣಪುಟ್ಟ ದೋಷಗಳನ್ನೆಲ್ಲ ಅಲ್ಲಗಳೆಯುವವನು ತನ್ನನ್ನು ಇಲ್ಲದ ಒಳ್ಳೆಯತನದಿಂದ ಚಿತ್ರಿಸಿಕೊಳ್ಳುತ್ತಿದ್ದಾನೆಂಬುದು ಅದರ ತರ್ಕ. ತರ್ಕವೇನೊ ಸರಿಯೆ. ಆದರೆ ಸಂಪ್ರದಾಯನಿಷ್ಠ ಮನೆತನಗಳಿಂದ ಬಂದವರ ಮತ್ತು ಹೆಚ್ಚು ಓದದವರ ಅಂಕಗಳು ಈ ಮಾಪಕದಲ್ಲಿ ಸಹಜವಾಗಿಯೇ ಏರುತ್ತವೆಂಬುದು ಸುಪರಿಚಿತ ಸಂಗತಿ. ಅಪರಿಚಿತರ ಎದುರಿಗೆ ಮನೆಯ ಮಾನವನ್ನು ಕಾಯಬೇಕೆಂದು ಕಲಿತವನು ಅಲ್ಲಿ ಕಪಟಿಯಾಗಿ ಕಾಣುತ್ತಾನೆ.

ಯಾವ ಮಾಪಕದ ಅಂಕವೂ ತಾನೇ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾವ ಜನಸಮುದಾಯದ ಸರಾಸರಿಯೊಡನೆ ಅದನ್ನು ಹೋಲಿಸಲಾಗಿದೆಯೆಂಬುದರಿಂದ ಅದಕ್ಕೆ ಅರ್ಥ ಬರುತ್ತದೆ. ಇದನ್ನೇ ಮಾನಕವೆನ್ನುತ್ತೇವೆ. ಈ ಮಾತನ್ನು ನಮ್ಮ ಪ್ರಾಂತದಲ್ಲಿ ಹೊಸದಾಗಿ ಸ್ಥಾಪಿಸಬೇಕಾದುದಿಲ್ಲ. ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, ಎಂದರೆ ೧೯೩೪ರಲ್ಲಿ, ಡಾ. ವಿ. ವಿ. ಕಾಮತರು ಬಿನೆಯ ಬುದ್ಧಿಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ ಅದರ ವಿವರವನ್ನು ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೪೦ರಲ್ಲಿ ಅದು ಗ್ರಂಥರೂಪದಲ್ಲಿ ಹೊರಬಂದಿತು. ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದು, ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ ಮಾನಕವನ್ನು ಕಟ್ಟಬೇಕೆಂಬುದು ಆ ಕಾರ್ಯದ ತಿರುಳು. ಎರಡು ಭಾಷೆಗಳ ಈ ಪ್ರದೇಶಕ್ಕೆ ಎರಡೂ ಭಾಷೆಗಳಲ್ಲಿ ಅದು ನಡೆದುದು ವಿಶೇಷ. ಮಕ್ಕಳ ಬುದ್ಧಿಯ ವಿಷಯದಲ್ಲಿ ಅಂದು ತೋರಿದ ಎಚ್ಚರವನ್ನು ವಯಸ್ಕರ ಅನ್ನದ ವಿಷಯದಲ್ಲಿ ಇಂದು ಕೈಬಿಡುವುದು ಸೋಜಿಗವೇ ಸರಿ.

ಲೋಂಡಾ ಜಂಕ್ಷನ್ ಇರುವ ತಾಲೂಕಿನಲ್ಲಿ ರೈಲ್ವೆಯ ನೌಕರಿಗಿರುವ ಆಕರ್ಷಣೆಯನ್ನು ವಿವರಿಸಬೇಕಿಲ್ಲ. ಸಹಾಯಕ ಲೋಕೋ ಪೈಲಟ್ ಹುದ್ದೆಗೆ ೨೦೨೪ರಲ್ಲಿ ಹೊರಟ ಪ್ರಕಟಣೆಯಂತೆ ಮೊದಲ ಎರಡು ಹಂತಗಳ ಗಣಕಯಂತ್ರ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಬಹುದು. ಅದಾದ ಮೇಲೆ ಬರುವ ಮನೋಸಾಮರ್ಥ್ಯ ಪರೀಕ್ಷೆಯ ಪ್ರಶ್ನೆಗಳು ಮಾತ್ರ ಇಂಗ್ಲಿಷು ಮತ್ತು ಹಿಂದಿಯಲ್ಲಿ ಇರುತ್ತವೆ. ಇದು ವ್ಯಕ್ತಿತ್ವ ಪರೀಕ್ಷೆಯಲ್ಲ. ನೆನಪು, ಏಕಾಗ್ರತೆ, ಸೂಚನೆಗಳ ಪಾಲನೆ ಮೊದಲಾದವುಗಳ ಪರೀಕ್ಷೆ. ಇದರ ಪ್ರತಿಯೊಂದು ಭಾಗದಲ್ಲಿಯೂ ೪೨ರ ಟಿ-ಅಂಕ ದೊರೆಯಲೇಬೇಕು. ಯಾವ ವರ್ಗಕ್ಕೂ ರಿಯಾಯಿತಿಯಿಲ್ಲ. ಟಿ-ಅಂಕದಲ್ಲಿ ಸರಾಸರಿ ೫೦, ಪ್ರಮಾಣ ವಿಚಲನೆ ೧೦. ಸಹಜ ವಿತರಣೆಯಲ್ಲಿ ೪೨ಕ್ಕಿಂತ ಕೆಳಗೆ ನೂರಕ್ಕೆ ಸುಮಾರು ಇಪ್ಪತ್ತೊಂದು ಜನರು ಬೀಳುತ್ತಾರೆ. ಸಾವಿರಾರು ಪ್ರಯಾಣಿಕರ ಪ್ರಾಣ ಒಬ್ಬನ ಕಣ್ಣು ಕೈಗಳನ್ನು ನಂಬಿರುವಲ್ಲಿ ಇಂಥ ಪರೀಕ್ಷೆ ಬೇಡವೆನ್ನುವುದು ಅವಿವೇಕ. ಆದರೆ ಸೂಚನೆಯನ್ನು ಪಾಲಿಸುವ ಶಕ್ತಿಯನ್ನು ಅಳೆಯುವಾಗ, ಸೂಚನೆಯ ಭಾಷೆಯನ್ನು ಮನಸ್ಸಿನಲ್ಲಿ ತಿರುಗಿಸಿಕೊಳ್ಳಲು ತಗಲುವ ಕ್ಷಣಗಳೂ ಅಳತೆಯೊಳಗೆ ಸೇರುವ ಸಂಭವವನ್ನು ಶಾಸ್ತ್ರಜ್ಞನು ಕಡೆಗಣಿಸಲಾರನು.

ಬೆಳಗಾವಿಯ ಸಮೀಪದ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯುಂಟು. ಅಗ್ನಿವೀರ ವಾಯು ಸೈನಿಕರ ಆಯ್ಕೆಯಲ್ಲಿ ಎರಡು ಹೊಂದಾಣಿಕೆ ಪರೀಕ್ಷೆಗಳಿವೆ. ಬೇರೆ ಬೇರೆ ಭೂಪ್ರದೇಶ, ಹವೆಗಳಿಗೂ ಸೈನಿಕ ಜೀವನಕ್ಕೂ ಅಭ್ಯರ್ಥಿ ಒಗ್ಗಬಲ್ಲನೆ ಎಂಬುದನ್ನು ಅರಿಯುವುದು ಅವುಗಳ ಉದ್ದೇಶ. ಉದ್ದೇಶವನ್ನಾದರೂ ಮೊದಲೇ ತಿಳಿಸಿರುವುದು ಮೆಚ್ಚತಕ್ಕುದು. ಖಾಸಗಿ ಸಂಸ್ಥೆಗಳ ಪ್ರಶ್ನಾವಳಿಗಳಲ್ಲಿ ಬಹುಶಃ ಇಷ್ಟೂ ಇರುವುದಿಲ್ಲ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರೀಕ್ಷಾರ್ಥಿಯು ತನ್ನ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನ ಮೇರೆಗೆ ನೋಡಬಹುದೆಂದು ತೀರ್ಪಿತ್ತಿತು. ೨೦೧೮ರಲ್ಲಿ ಲೋಕಸೇವಾ ಆಯೋಗದ ಪ್ರಕರಣದಲ್ಲಿ ಆ ಹಕ್ಕಿನ ವ್ಯಾಪ್ತಿ ಕುಗ್ಗಿತಾದರೂ, ಕೇಳಲು ಒಂದು ದಾರಿಯಾದರೂ ಉಂಟು. ಖಾಸಗಿ ಕಾರಖಾನೆಗೆ ಆ ಅಧಿನಿಯಮವು ನೇರವಾಗಿ ಅನ್ವಯಿಸದು.

ಇನ್ನು ಪರೀಕ್ಷೆಯಿಂದಾಗುವ ಪ್ರಯೋಜನದ ಮಾತು. ಸ್ಯಾಕೆಟ್ ಮತ್ತು ಸಹೋದ್ಯೋಗಿಗಳು ೨೦೨೨ರಲ್ಲಿ ಹಿಂದಿನ ಸಂಶೋಧನೆಗಳನ್ನೆಲ್ಲ ಮತ್ತೆ ಲೆಕ್ಕಹಾಕಿದಾಗ, ಮುಂದಿನ ಕಾರ್ಯದಕ್ಷತೆಯೊಡನೆ ಕರ್ತವ್ಯನಿಷ್ಠೆಯ ಪ್ರಶ್ನಾವಳಿಗಿರುವ ಸಹಸಂಬಂಧ ೦.೧೯ ಎಂದು ಕಂಡುಬಂದಿತು. ಕ್ರಮಬದ್ಧವಾದ ಸಂದರ್ಶನಕ್ಕೆ ೦.೪೨, ಕೆಲಸವನ್ನೇ ಮಾಡಿಸಿ ನೋಡುವ ಪರೀಕ್ಷೆಗೆ ೦.೩೩. ೦.೧೯ರ ವರ್ಗವೆಂದರೆ ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಪ್ರಶ್ನಾವಳಿಯು ನಿರುಪಯುಕ್ತವೆಂದು ಇದರಿಂದ ಸಿದ್ಧವಾಗುವುದಿಲ್ಲ. ಶಿಫಾರಸು, ಜಾತಿ, ನಂಟಸ್ತಿಕೆಗಳು ನೌಕರಿಯನ್ನು ನಿರ್ಣಯಿಸುತ್ತಿದ್ದ ಬಗೆಗಿಂತ ಮುದ್ರಿತ ಪ್ರಶ್ನೆಯೇ ಮೇಲೆಂದು ವಾದಿಸುವವರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ನೂರರಲ್ಲಿ ನಾಲ್ಕು ಪಾಲನ್ನು ವಿವರಿಸುವ ಸಾಧನವೊಂದೇ ಒಬ್ಬನನ್ನು ಬಾಗಿಲಿಂದ ಹಿಂದಿರುಗಿಸುವಂತಾಗಬಾರದು. ಖಾನಾಪುರ ಮತ್ತು ಬೆಳಗಾವಿಯ ತರುಣರನ್ನೇ ಪರೀಕ್ಷಿಸಿ, ಎರಡೂ ಭಾಷೆಗಳಲ್ಲಿ ಇಂಥ ಹೇಳಿಕೆಗಳ ಮಾನಕವನ್ನು ಕಟ್ಟುವ ಕೆಲಸ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಯೋಗ್ಯವಾದ ವಿಷಯ; ಡಾ. ಕಾಮತರ ವಿಧಾನ ಅವರ ಮುಂದೆ ಇದೆ.

ಮೇಲೆ ಹೇಳಿದ ವಿದ್ಯಾರ್ಥಿಗೆ ಆ ಕಾರಖಾನೆಯಿಂದ ಕರೆ ಬರಲಿಲ್ಲ, ಕಾರಣವನ್ನೂ ತಿಳಿಸಲಿಲ್ಲ. ಎರಡು ತಿಂಗಳ ತರುವಾಯ ಅವನು ಉದ್ಯಮಬಾಗದ ಸಣ್ಣ ಘಟಕವೊಂದಕ್ಕೆ ಹೋದನು. ಅಲ್ಲಿ ಒಂದು ನಕ್ಷೆಯನ್ನೂ ಕಬ್ಬಿಣದ ತುಂಡನ್ನೂ ಕೊಟ್ಟು ಲೇಥಿನ ಮುಂದೆ ನಿಲ್ಲಿಸಿದರಂತೆ. ಮಾಡಿದ ವಸ್ತುವಿನ ಅಳತೆ ಒಂದು ಕಡೆ ಸ್ವಲ್ಪ ತಪ್ಪಿತ್ತು. ಮಾಲಕರು ಅದನ್ನು ಅವನ ಎದುರಿಗೇ ಅಳೆದು, ತಪ್ಪು ಎಲ್ಲಿ ಆಯಿತೆಂಬುದನ್ನು ತೋರಿಸಿ, ಇನ್ನೊಂದು ತುಂಡನ್ನು ಕೊಟ್ಟರು.