ವಿದ್ಯುತ್ ಬೈಸಿಕಲ್ ಪರಿವರ್ತನೆ

ವಿದ್ಯುತ್ ಬೈಸಿಕಲ್ ಪರಿವರ್ತನೆ ಎಂದರೆ ಸಾಮಾನ್ಯ ಬೈಸಿಕಲ್‌ಗೆ ಮೋಟಾರು, ನಿಯಂತ್ರಕ ಹಾಗೂ ಬ್ಯಾಟರಿಯನ್ನು ಅಳವಡಿಸುವ ಕ್ರಿಯೆ. ಮೌಂಟನ್ ಬೈಕ್‌ನಲ್ಲಿ ಪೆಡಲುಗಳ ನಡುವೆ ಕೂರಿಸುವ ಮೋಟಾರು ಗೇರುಗಳ ಮೂಲಕವೇ ಚಕ್ರವನ್ನು ತಿರುಗಿಸುವುದರಿಂದ ಏರುದಾರಿಗೆ ಅನುಕೂಲಕರವಾಗಿದೆ.

ಬ್ಯಾಟರಿಯನ್ನು ಸ್ವತಃ ತಯಾರಿಸುವ ಹವ್ಯಾಸಿಗಳು ಹೆಚ್ಚಾಗಿ 18650 ಮಾದರಿಯ ಲಿಥಿಯಂ-ಅಯಾನ್ ಕೋಶಗಳನ್ನು ಬಳಸುತ್ತಾರೆ. ತಲಾ 3.6 ವೋಲ್ಟಿನ 13 ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 46.8 ವೋಲ್ಟ್ ದೊರೆಯುತ್ತದೆ. ಇದನ್ನು ರೂಢಿಯಲ್ಲಿ 48 ವೋಲ್ಟಿನ ಬ್ಯಾಟರಿ ಎನ್ನಲಾಗುತ್ತದೆ. ಸಮಾನಾಂತರ ಜೋಡಣೆಯು ಸಾಮರ್ಥ್ಯವನ್ನು ಹೆಚ್ಚಿಸುತ್ತದೆ. ಬೆಸುಗೆಯ ಶಾಖವು ಕೋಶಗಳಿಗೆ ಹಾನಿ ಮಾಡಬಲ್ಲದಾದ್ದರಿಂದ ನಿಕ್ಕಲ್ ಪಟ್ಟಿಗಳನ್ನು ಸ್ಪಾಟ್ ವೆಲ್ಡಿಂಗ್‌ನಿಂದ ಕೂಡಿಸಲಾಗುತ್ತದೆ.

ಕೋಶವೊಂದು 4.2 ವೋಲ್ಟ್‌ನ ಮಿತಿಯನ್ನು ಮೀರಿ ಚಾರ್ಜ್ ಆದರೆ ಅತಿಯಾಗಿ ಕಾದು ಹೊತ್ತಿಕೊಳ್ಳಬಹುದು. ಬೆಂಕಿ ನೆರೆಯ ಕೋಶಗಳಿಗೂ ಹರಡಬಹುದು. ಹಳೆಯ ಲ್ಯಾಪ್‌ಟಾಪ್‌ಗಳಿಂದ ತೆಗೆದ ಕೋಶಗಳ ಸಾಮರ್ಥ್ಯವು ಏಕರೂಪವಾಗಿರದ ಕಾರಣ ಅಪಾಯ ಇನ್ನೂ ಹೆಚ್ಚು. ಆದುದರಿಂದ ಸರಣಿಯ ಪ್ರತಿಯೊಂದು ಹಂತದ ವೋಲ್ಟೇಜನ್ನು ಗಮನಿಸಿ, ಮಿತಿ ಮೀರಿದಾಗ ವಿದ್ಯುತ್ತನ್ನು ಕಡಿತಗೊಳಿಸುವ ಬ್ಯಾಟರಿ ನಿರ್ವಹಣಾ ವ್ಯವಸ್ಥೆ ಅತ್ಯಗತ್ಯವಾಗಿದೆ.